ಆಸ್ಟರ್‌ವಿಕ್ಕಿನ ಹತ್ತೊಂಬತ್ತು ಟ್ರಂಡಲ್‌ಬಿಗಳು

ಬೆರಿಲ್ ಬಾದಾಮಿ ಕಣಕವನ್ನು ತೆಳ್ಳಗೆ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮದುವೆಯ ಕೇಕಿನ ಮೇಲೆ ಹಾಸಲು ಬಗ್ಗಿದ್ದಳು. ಮೂರು ಅಂತಸ್ತಿನ ಕೇಕು. ಕೆಳಗಿನದು ಮುಗಿದಿತ್ತು, ಇದು ನಡುವಿನದು. ಈ ಕೆಲಸದಲ್ಲಿ ಒಂದು ಗಳಿಗೆ ಬರುತ್ತದೆ. ಕಣಕ ಲಟ್ಟಣಿಗೆಯನ್ನು ಬಿಟ್ಟಿರುತ್ತದೆ, ಕೇಕನ್ನು ಇನ್ನೂ ಮುಟ್ಟಿರುವುದಿಲ್ಲ. ಆಗ ಮನೆಗೆ ಬೆಂಕಿ ಬಿದ್ದರೂ ತಿರುಗಿ ನೋಡಬಾರದು. ಸರಿಯಾಗಿ ಆ ಗಳಿಗೆಗೇ ಹಿಂಬಾಗಿಲು ದಢಾರನೆ ತೆರೆದುಕೊಂಡಿತು, ಅವಳ ಗಂಡ ಡೆಸ್ಮಂಡ್ ಟ್ರಂಡಲ್‌ಬಿ ಒಳಗೆ ಬಂದ.

"ಬೆರಿಲ್! ನಾವು ಸಿಕ್ಬಿಟ್ವಿ ಕಣೇ!"

ಕಣಕ ಓರೆಯಾಗಿ ಬಿದ್ದು ಕೇಕಿನ ಒಂದು ಕಿವಿ ಮುಚ್ಚಿತು.

"ಯಾರಿಗೆ ಸಿಕ್ಕಿದ್ವಿ? ಪೊಲೀಸರಿಗಾ?" ಎಂದಳು ಬೆರಿಲ್.

ಡೆಸ್ಮಂಡ್ ಹಾಸ್ಯ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಕಂಕುಳಲ್ಲಿದ್ದ ಕಾಗದದ ಸುರುಳಿಯನ್ನು ತೆಗೆದು ಸಕ್ಕರೆಪುಡಿ ಚೆಲ್ಲಿದ್ದ ಮೇಜಿನ ಮೇಲೇ ಹರಡಿದ. ಬ್ರಿಟನ್ ದೇಶದ ನಕ್ಷೆ. ಅದರಲ್ಲಿ, ೧೮೮೧ನೇ ಇಸವಿಯ ಜನಗಣತಿಯ ದಿನ ಟ್ರಂಡಲ್‌ಬಿ ಎಂಬ ಮನೆತನದ ಹೆಸರಿನವರು ಎಲ್ಲೆಲ್ಲಿದ್ದರು ಎಂಬುದನ್ನು ಕೆಂಪು ಬಣ್ಣದಲ್ಲಿ ತೋರಿಸಿತ್ತು. ಕೆಂಪು ಹೆಚ್ಚಾಗಿ ಇರಲೇ ಇಲ್ಲ. ಹೆಚ್ಚುಕಡಿಮೆ ಇಡೀ ದೇಶ ಬೆಳ್ಳಗೆ ಮಲಗಿತ್ತು. ಲಿಂಕನ್‌ಷೈರಿನಲ್ಲಿ ಮಾತ್ರ ಕಣ್ಣಿಗೆ ಬೀಳುವಂಥ ಒಂದು ಚುಕ್ಕೆ, ದಡಾರದ ಮೊದಲ ಗುಳ್ಳೆಯ ಹಾಗೆ.

"ಇದು ಆಸ್ಟರ್‌ವಿಕ್," ಎಂದ ಡೆಸ್ಮಂಡ್, ಚುಕ್ಕೆಯ ಮೇಲೆ ಬೆರಳಿಟ್ಟು. "ಇಡೀ ದೇಶದಲ್ಲಿ ನಲವತ್ತೊಂದು ಟ್ರಂಡಲ್‌ಬಿಗಳು. ಅದರಲ್ಲಿ ಹತ್ತೊಂಬತ್ತು ಜನ ಈ ಒಂದೇ ಊರಲ್ಲಿ. ಹನ್ನೊಂದು ಮನೆಗಳಲ್ಲಿ! ಊರಲ್ಲಿದ್ದಿದ್ದೇ ಮೂವತ್ತು ಮನೆ. ಯೋಚ್ನೆ ಮಾಡು. ನಮ್ಮ ತಾತನೂ ಅಲ್ಲೇ ಇದ್ದಾರೆ. ಏಮಸ್ ಟ್ರಂಡಲ್‌ಬಿ, ವಯಸ್ಸು ಎರಡು. ಬೆರಿಲ್, ಆ ಊರು ನಮ್ಮದು!"

ಡೆಸ್ಮಂಡ್ ಮೂವತ್ತನಾಲ್ಕು ವರ್ಷ ನಾಟಿಂಗ್‌ಹ್ಯಾಮಿನ ಮನೆಗಳಲ್ಲಿ ಗ್ಯಾಸ್ ಮೀಟರು ಓದಿ ನಿವೃತ್ತನಾದವನು. ಮೀಟರು ಓದುವವನಿಗೆ ಅಂಕಿ ಮುಖ್ಯ. ಆ ಅಂಕಿಯ ಹಿಂದೆ ಯಾರು ಏನು ಬೇಯಿಸಿದರು, ಯಾರಿಗೆ ಚಳಿಯಾಗಿತ್ತು ಎಂಬುದು ಅವನಿಗೆ ಬೇಡ. ಈ ಅಭ್ಯಾಸವನ್ನು ಅವನು ತನ್ನ ವಂಶದ ಇತಿಹಾಸಕ್ಕೂ ಅನ್ವಯಿಸಿದ್ದ. ಗ್ರಂಥಾಲಯದ ಮಿಸ್ ಲೆಗ್ಗಟ್ ಅವನಿಗೆ ಮೊದಲೇ ಹೇಳಿದ್ದಳು.

"ಮಿಸ್ಟರ್ ಟ್ರಂಡಲ್‌ಬಿ, ಇದು ಬರೀ ಹೆಸರುಗಳ ಪಟ್ಟಿ. ಮೂಲ ಪುಟ ತರಿಸಿ ನೋಡಿ. ಆ ಒಂದು ರಾತ್ರಿ ಯಾರು ಎಲ್ಲಿ ಮಲಗಿದ್ರೋ ಅಲ್ಲೇ ಅವರನ್ನ ಬರ್ಕೊಳ್ತಿದ್ರು. ಮನೆಯವರೋ ಆಳುಗಳೋ ಇನ್ಯಾರೋ ಅಂತ ಪಕ್ಕದ ಕಾಲಮಿನಲ್ಲಿ ಇರುತ್ತೆ."

"ನನಗೆ ಹೆಸರು ಸಾಕು ಮೇಡಂ. ಪಕ್ಕದ ಕಾಲಮು ಹೆಸರಿಲ್ಲದವರಿಗೆ," ಎಂದಿದ್ದ ಡೆಸ್ಮಂಡ್.

ಮಿಸ್ ಲೆಗ್ಗಟ್ ಕನ್ನಡಕ ತೆಗೆದು ಒರೆಸಿಕೊಂಡಳಂತೆ. ತನ್ನ ಮಾತಿನ ತೂಕಕ್ಕೆ ಆಕೆಯ ಕಣ್ಣು ಮಂಜಾಯಿತು ಎಂದು ಡೆಸ್ಮಂಡ್ ಮನೆಗೆ ಬಂದು ವರ್ಣಿಸಿದ.

ಆ ಭಾನುವಾರ ಮಗಳು ರೋಸ್ಲಿನ್ ಮತ್ತು ಅವಳು ಮದುವೆಯಾಗಲಿದ್ದ ಗರೆತ್ ಜೋನ್ಸ್ ಊಟಕ್ಕೆ ಬಂದರು. ಮದುವೆಗೆ ಇನ್ನು ಹದಿಮೂರು ದಿನ. ಬೆರಿಲ್ ಹುರಿದ ಗೋಮಾಂಸವನ್ನು ಕತ್ತರಿಸಿ ಹಂಚುತ್ತಿದ್ದಳು. ಡೆಸ್ಮಂಡ್ ನೀರಿನ ಲೋಟಕ್ಕೆ ಚಮಚದಿಂದ ಟಿಂಗೆಂದು ಬಾರಿಸಿ ಎದ್ದು ನಿಂತ. ಮೇಜಿನ ಸುತ್ತ ಇದ್ದವರು ನಾಲ್ಕೇ ಜನ ಎಂಬುದು ಅವನಿಗೆ ಅಡ್ಡಿಯಾಗಲಿಲ್ಲ.

"ಈಗ ದೇಶದಲ್ಲಿ ಉಳಿದಿರೋ ಟ್ರಂಡಲ್‌ಬಿಗಳು ಇಪ್ಪತ್ತಮೂರು," ಎಂದ. "ಇಪ್ಪತ್ತಮೂರು! ಪಾಂಡಾ ಕರಡಿಗಳೇ ಇದಕ್ಕಿಂತ ಜಾಸ್ತಿ ಇವೆ."

"ಅಪ್ಪಾ, ನಾನು ಪಾಂಡಾ ಅಲ್ಲ," ಎಂದಳು ರೋಸ್ಲಿನ್.

"ನೀನು ಇಪ್ಪತ್ತಮೂರರಲ್ಲಿ ಒಬ್ಬಳು. ಮದುವೆ ದಿನ ಹನ್ನೆರಡು ಗಂಟೆಗೆ ಇಪ್ಪತ್ತೆರಡಾಗುತ್ತೆ. ಆಮೇಲೆ ನೀನು ಯಾರು? ಜೋನ್ಸ್! ಟೆಲಿಫೋನ್ ಪುಸ್ತಕದಲ್ಲಿ ಜೋನ್ಸ್‌ಗಳನ್ನ ಹುಡುಕೋಕೆ ಹೋದ್ರೆ ಬೆರಳು ಸವೆಯುತ್ತೆ. ಗರೆತ್, ಬೇಜಾರು ಮಾಡ್ಕೋಬೇಡಪ್ಪ. ನಿಮ್ಮಲ್ಲಿ ಒಬ್ಬರು ಕಮ್ಮಿಯಾದ್ರೆ ನಿಮಗೇ ಗೊತ್ತಾಗಲ್ಲ."

ಗರೆತ್ ಒಳ್ಳೆಯ ಹುಡುಗ. ಹಲ್ಲಿನ ಡಾಕ್ಟರನ ಹತ್ತಿರ ಕೆಲಸಕ್ಕಿದ್ದ. ನೋವಾಗದ ಹಾಗೆ ಮಾತಾಡುವುದು ಅವನಿಗೆ ರೂಢಿಯಾಗಿತ್ತು. "ಮಿಸ್ಟರ್ ಟ್ರಂಡಲ್‌ಬಿ, ಬೇಕಾದ್ರೆ ನಾನೇ ನಿಮ್ಮ ಹೆಸರು ಇಟ್ಕೋತೀನಿ. ಆಗ ಇಪ್ಪತ್ತನಾಲ್ಕಾಗುತ್ತೆ," ಎಂದ.

ಡೆಸ್ಮಂಡನ ಮುಖ, ಚರ್ಚಿನಲ್ಲಿ ಸಿಳ್ಳೆ ಕೇಳಿದವನ ಮುಖದಂತೆ ಆಯಿತು.

"ಇಟ್ಕೊಳ್ಳೋದಕ್ಕೆ ಅದೇನು ಟೋಪಿನಾ? ಹೆಸರು ಅನ್ನೋದು ರಕ್ತದಲ್ಲಿ ಬರಬೇಕು. ರಕ್ತದಲ್ಲಿ ಬರದವನು ಟ್ರಂಡಲ್‌ಬಿ ಆಗೋಕೆ ಸಾಧ್ಯವೇ ಇಲ್ಲ."

"ಹಾಗಾದ್ರೆ ನಾನು ಯಾರು?" ಎಂದಳು ಬೆರಿಲ್.

ಸ್ವಲ್ಪ ಮೆಲ್ಲಗೇ ಕೇಳಿದಳು. ಅಷ್ಟರಲ್ಲಿ ಯಾರಿಗೋ ಮಾಂಸದ ರಸ ಬೇಕಾಯಿತು, ಯಾರೋ ಬಟ್ಟಲು ದಾಟಿಸಿದರು, ಪ್ರಶ್ನೆ ಆ ಬಟ್ಟಲಿನ ಕೆಳಗೆ ಎಲ್ಲೋ ಹೋಯಿತು. ಮದುವೆಗೆ ಮುಂಚೆ ಅವಳು ಬೆರಿಲ್ ಸ್ಮಿತ್. ಸ್ಮಿತ್ ಎಂಬ ಹೆಸರಿನ ನಕ್ಷೆ ತೆಗೆದರೆ ಇಡೀ ದೇಶ ಕೆಂಪಗಾಗಿ, ನಕ್ಷೆ ನೋಡಿದವನು ಜ್ವರವೆಂದು ಮಲಗಬೇಕು. ಅದನ್ನು ಬಿಟ್ಟುಕೊಟ್ಟು ಮೂವತ್ತೆಂಟು ವರ್ಷವಾಗಿತ್ತು. ಬಿಟ್ಟದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಡೆಸ್ಮಂಡ್ ತನ್ನ ಕೊನೆಯ ಮಾತು ಹೇಳಿದ. "ರೋಸ್ಲಿನ್ ಚರ್ಚಿನಿಂದ ಟ್ರಂಡಲ್‌ಬಿಯಾಗಿ ಹೊರಗೆ ಬರೋದಾದ್ರೆ ನಾನು ಅವಳ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತೀನಿ. ಜೋನ್ಸ್ ಆಗಿ ಬರೋದಾದ್ರೆ ಒಬ್ಬಳೇ ಹೋಗಲಿ. ನನ್ನ ವಂಶವನ್ನ ನಾನೇ ಕೈಯಾರೆ ದಾಟಿಸಿ ಬರಲಾರೆ."

ರೋಸ್ಲಿನ್ ಊಟದ ತಟ್ಟೆ ಬಿಟ್ಟು ಅಡಿಗೆಮನೆಗೆ ಹೋದಳು. ಬೆರಿಲ್ ಹಿಂದೆಯೇ ಹೋದಳು.

"ಅವರು ಹಟಮಾರಿ ಅಂತ ಗೊತ್ತು ಅಮ್ಮ," ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತ. "ನಾನೂ ಅವರ ಮಗಳೇ. ಗರೆತ್ ಹೆಸರು ನನಗಿಷ್ಟ, ಅದನ್ನೇ ಇಟ್ಕೋತೀನಿ. ಆದ್ರೆ ಅಪ್ಪ ಇಲ್ದೆ ಚರ್ಚಿನ ಆ ನಡುದಾರೀಲಿ ನಾನು ಒಂದು ಹೆಜ್ಜೆನೂ ಇಡಲ್ಲ. ಬೇಕಾದ್ರೆ ಮದುವೇನೇ ನಿಲ್ಲಲಿ."

ನಡುವಿನ ಅಂತಸ್ತಿನ ಕೇಕು ಅಲ್ಲೇ ಮೂಲೆಯಲ್ಲಿ, ಒಂದು ಕಿವಿ ಮುಚ್ಚಿಕೊಂಡು ಎಲ್ಲ ಕೇಳುತ್ತ ಕೂತಿತ್ತು.

ಮರುದಿನ ಬೇಲಿಯಾಚೆಯಿಂದ ಪಕ್ಕದ ಮನೆಯ ಮೊರೀನ್ ಇಣುಕಿದಳು. "ಏನ್ ಬೆರಿಲ್, ನಿಮ್ಮವರು ಯಾವುದೋ ಊರಿಗೆ ಒಡೆಯರಂತೆ? ಬೆಳಿಗ್ಗೆ ಕಸದ ಡಬ್ಬ ಹೊರಗಿಡುವಾಗ ನಮ್ಮವರಿಗೆ ಹೇಳಿದ್ರಂತೆ. ಇನ್ಮೇಲೆ ನಿಮ್ಮ ಡಬ್ಬಾನ ನಾವೇ ಇಡಬೇಕಾ ಹೇಗೆ?"

"ಸದ್ಯಕ್ಕೆ ಅವರೇ ಇಡ್ತಾರೆ ಮೊರೀನ್. ಪಟ್ಟಾಭಿಷೇಕ ಶನಿವಾರ."

ಏಕೆಂದರೆ ಅಷ್ಟು ಹೊತ್ತಿಗೆ ಡೆಸ್ಮಂಡ್ ಆಸ್ಟರ್‌ವಿಕ್ಕಿನ ಊರಸಮಿತಿಗೆ ಒಂದು ಪತ್ರ ಹಾಕಿಬಿಟ್ಟಿದ್ದ. "ನಮ್ಮ ಕುಟುಂಬ ನೂರಿಪ್ಪತ್ತು ವರ್ಷಗಳ ನಂತರ ಆಸ್ಟರ್‌ವಿಕ್ಕಿಗೆ ಮರಳುತ್ತಿದೆ. ಒಂದು ಕಾಲದಲ್ಲಿ ನಮ್ಮದಾಗಿದ್ದುದನ್ನು ಕಣ್ಣಾರೆ ನೋಡಿ, ಮುಂದಿನ ವಿಚಾರವನ್ನು ಊರಿನವರೆದುರು ತಿಳಿಸುವ ಉದ್ದೇಶವಿದೆ." ಮುಂದಿನ ವಿಚಾರವೆಂದರೆ ಚರ್ಚಿನ ಗೋಡೆಗೊಂದು ಹಿತ್ತಾಳೆಯ ಫಲಕ ಹಾಕಿಸುವುದು, ಅಷ್ಟೇ. ಪತ್ರದಲ್ಲಿ ಅದನ್ನು ಬರೆಯಲಿಲ್ಲ. ಎದುರಿಗೆ ಹೇಳಿದರೆ ಗಾಂಭೀರ್ಯವಿರುತ್ತದೆ ಎಂದುಕೊಂಡ.

ಬೆರಿಲ್ ಆ ವಾರ ಒಂದೇ ಒಂದು ಕೆಲಸ ಸಾಧಿಸಿದಳು. ರೋಸ್ಲಿನ್‌ಳನ್ನೂ ಜೊತೆಗೆ ಬರಲು ಒಪ್ಪಿಸಿದಳು. ಒಂದೇ ಕಾರಿನಲ್ಲಿ ಎರಡು ಗಂಟೆ ಕೂತರೆ ಅಪ್ಪ ಮಗಳು ಮಾತಾಡದೆ ಇರಲಾರರು ಎಂಬುದು ಅವಳ ಲೆಕ್ಕ. ಅವರು ಮಾತಾಡದೆ ಇದ್ದರು.

ಆಸ್ಟರ್‌ವಿಕ್ಕಿನ ಗಡಿಯಲ್ಲೇ ಆರು ಜನ ನಿಂತಿದ್ದರು. ಮುಂದೆ ಊರಸಮಿತಿಯ ಅಧ್ಯಕ್ಷ ಡ್ರೂರಿ. ಬೀಟ್‌ರೂಟ್ ಬೆಳೆಯುವ ದೊಡ್ಡ ರೈತ, ಕುತ್ತಿಗೆ ಇಲ್ಲದ ಮನುಷ್ಯ. ಬೇರೆಯವರ ಮದುವೆಗೆ ಹೊಲಿಸಿದ ಸೂಟು ಹಾಕಿದ್ದ. ಡೆಸ್ಮಂಡ್ ಕಾರಿನಿಂದ ಇಳಿಯುತ್ತಲೇ ಡ್ರೂರಿ ಟೋಪಿ ತೆಗೆದ.

"ಬನ್ನಿ ಸಾರ್, ಬನ್ನಿ. ದಾರಿ ಸುಗಮವಾಗಿತ್ತಾ ಸಾರ್?"

ಮೂವತ್ತನಾಲ್ಕು ವರ್ಷ ಬಾಗಿಲು ತಟ್ಟಿದಾಗಲೆಲ್ಲ "ಕಾಲು ಒರೆಸ್ಕೊಂಡು ಬಾ" ಎಂಬ ಸ್ವಾಗತ ಕೇಳಿದ್ದ ಡೆಸ್ಮಂಡ್, ಆ ಒಂದು "ಸಾರ್"ಗೆ ಎರಡಂಗುಲ ಬೆಳೆದ. ಎರಡನೆಯ "ಸಾರ್"ಗೆ ಅವನ ನಡಿಗೆಯೇ ಬದಲಾಯಿತು. ಕೈ ಬೆನ್ನ ಹಿಂದೆ ಹೋಯಿತು.

ಮೊದಲು ಚರ್ಚಿನ ಸಮಾಧಿಗಳ ಅಂಗಳ. ಡೆಸ್ಮಂಡ್ ಒಂದೊಂದೇ ಕಲ್ಲನ್ನು ಬಗ್ಗಿ ಓದುತ್ತ ಮುಕ್ಕಾಲು ಗಂಟೆ ಸುತ್ತಿದ. ಆರು ಜನರೂ ಹಿಂದೆಯೇ ಸುತ್ತಿದರು. ಒಂದು ಕಲ್ಲಿನ ಮೇಲೂ ಟ್ರಂಡಲ್‌ಬಿ ಎಂಬ ಹೆಸರಿರಲಿಲ್ಲ.

"ಸಹಜ," ಎಂದ ಡೆಸ್ಮಂಡ್. "ನಮ್ಮಂಥವರನ್ನ ಚರ್ಚಿನ ಒಳಗೇ ಹೂಳ್ತಿದ್ರು."

ಒಳಗೂ ಇರಲಿಲ್ಲ.

"ನೆಲಮಾಳಿಗೇಲಿ ಇರಬೇಕು," ಎಂದ.

"ನೆಲಮಾಳಿಗೆ ಇಲ್ಲ ಸಾರ್," ಎಂದ ಡ್ರೂರಿ ಅಪರಾಧಿಯ ದನಿಯಲ್ಲಿ, ಅದನ್ನು ತಾನೇ ಕದ್ದವನಂತೆ.

ಊರಿನ ಸಭಾಭವನದಲ್ಲಿ ಚಹಾ ಏರ್ಪಾಡಾಗಿತ್ತು. ಸೌತೆಕಾಯಿ ಸ್ಯಾಂಡ್‌ವಿಚ್, ಹಂದಿಮಾಂಸದ ಕಡುಬು, ಪ್ಲಮ್ ಬ್ರೆಡ್ಡು, ನಾಲ್ಕು ಬಗೆಯ ಕೇಕು. ನಲವತ್ತು ಜನ ಸೇರಿದ್ದರೂ ಸದ್ದಿರಲಿಲ್ಲ. ಎಲ್ಲರೂ ಡೆಸ್ಮಂಡನನ್ನೇ ನೋಡುತ್ತಿದ್ದರು. ಅವನು ಒಂದು ಸಲ ತಲೆಯೆತ್ತಿ ಚಾವಣಿ ನೋಡಿ, "ಚೆನ್ನಾಗಿ ಇಟ್ಕೊಂಡಿದ್ದೀರಿ," ಎಂದ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸಣ್ಣಗೆ ಬಿಕ್ಕಿದಳು.

ಬೆರಿಲ್‌ಗೆ ಇದು ಸರಿ ಕಾಣಲಿಲ್ಲ. ನೆಂಟರ ಮನೆಯಲ್ಲೂ ಅವಳು ಎರಡನೇ ಲೋಟ ಚಹಾಕ್ಕೆ ಅಡಿಗೆಮನೆಗೇ ಹೋಗುವವಳು. ಇಲ್ಲೂ ಖಾಲಿ ಕಪ್ಪುಗಳನ್ನು ಪೇರಿಸಿಕೊಂಡು ಭವನದ ಹಿಂದಿನ ಅಡಿಗೆಕೋಣೆಗೆ ಹೋದಳು. ಅಲ್ಲಿ ಐವಿ ಪ್ಲಾಸ್ಕಿಟ್ ಎಂಬ ಎಂಬತ್ತು ದಾಟಿದ ಮುದುಕಿ ಚಹಾದ ದೊಡ್ಡ ಹಂಡೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು.

ಬೆರಿಲ್ ತೋಳು ಮಡಿಸಿ ಕಪ್ಪು ತೊಳೆಯತೊಡಗಿದ್ದನ್ನು ಐವಿ ಸ್ವಲ್ಪ ಹೊತ್ತು ನೋಡಿದಳು. ಒಡೆಯರ ಹೆಂಡತಿ ಪಾತ್ರೆ ತೊಳೆಯುವುದಿಲ್ಲ ಎಂದು ಲೆಕ್ಕ ಹಾಕಿರಬೇಕು, ಧೈರ್ಯ ಮಾಡಿ ಕೇಳಿದಳು. "ಚಿನ್ನಾ, ನಿಜ ಹೇಳು. ನಿನ್ನ ಗಂಡ ಇದನ್ನ ಮಾರ್ತಾನಾ?"

"ಯಾವುದನ್ನ?"

"ಈ ಭವನಾನ. ಆಚೆಯ ಹಸಿರು ಮೈದಾನಾನ. ಅದಕ್ಕೇ ತಾನೇ ಬಂದಿರೋದು?"

ಆಮೇಲೆ ಎಲ್ಲ ಹೊರಬಂತು. ಭವನ ಮತ್ತು ಮೈದಾನ ಯಾರ ಹೆಸರಿನಲ್ಲಿವೆ ಎಂಬುದಕ್ಕೆ ಊರಿನಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಹಳೆಯ ಮನೆತನದ ವಾರಸುದಾರರು ಯಾರಾದರೂ ಎದ್ದು ಬಂದರೆ ಕಷ್ಟ ಎಂದು ವಕೀಲನೊಬ್ಬ ಹಿಂದೆಯೇ ಹೆದರಿಸಿ ಹೋಗಿದ್ದ. ಡೆಸ್ಮಂಡನ ಪತ್ರ ಬಂದ ದಿನ ಡ್ರೂರಿಗೆ ಊಟ ಸೇರಿರಲಿಲ್ಲ. ಕೈಕಾಲು ಹಿಡಿದಾದರೂ ಒಲಿಸಿಕೊಳ್ಳಬೇಕು ಎಂದು ಊರು ಐದು ದಿನದಿಂದ ಬೇಯಿಸುತ್ತಿತ್ತು.

"ಅಯ್ಯೋ ದೇವರೇ, ಅವರಿಗೆ ಬೇಕಾಗಿರೋದು ಒಂದು ಹಿತ್ತಾಳೆ ಫಲಕ!" ಎಂದಳು ಬೆರಿಲ್.

"ಫಲಕಾನಾ?" ಐವಿ ನಕ್ಕ ರಭಸಕ್ಕೆ ಸ್ಟೂಲು ಅಲುಗಿತು. "ಆದ್ರೆ ಟ್ರಂಡಲ್‌ಬಿ ಅನ್ನೋರು ಈ ಊರಲ್ಲಿ ಇರಲೇ ಇಲ್ಲ ಕಣಮ್ಮ. ಎಂಬತ್ತು ವರ್ಷದಿಂದ ಇಲ್ಲೇ ಇದ್ದೀನಿ, ಹೆಸರೇ ಕೇಳಿಲ್ಲ."

"೧೮೮೧ರ ಜನಗಣತೀಲಿ ಹತ್ತೊಂಬತ್ತು ಜನ ಇದ್ದಾರೆ. ಹನ್ನೊಂದು ಮನೇಲಿ."

ಐವಿಯ ನಗು ನಿಂತಿತು. "ಹನ್ನೊಂದು ಮನೇಲಾ? ಏಪ್ರಿಲ್ ತಿಂಗಳಾ? ಆ ಮೇಲಿನ ಕಪಾಟು ತೆಗಿ ಚಿನ್ನಾ. ಮೇಜುಬಟ್ಟೆಗಳ ಹಿಂದೆ ಕಪ್ಪು ಪುಸ್ತಕ ಇರುತ್ತೆ. ನಮ್ಮ ಶಾಲೆ ಮುಚ್ಚಿದಾಗ ಇಲ್ಲಿಗೆ ತಂದು ಇಟ್ಟಿದ್ದು. ನನ್ನ ಕಣ್ಣಿಗೆ ಅಕ್ಷರ ಕಾಣಲ್ಲ, ನೀನೇ ಓದು."

ಅದು ಶಾಲೆಯ ದಿನಚರಿ. ಆಗಿನ ಕಾಲದ ಮೇಷ್ಟ್ರುಗಳು ದಿನವೂ ಬರೆಯಲೇಬೇಕಾಗಿದ್ದಂಥದು. ಆ ವರ್ಷ ಊರಿನ ಜನಗಣತಿ ಮಾಡಿದ್ದೂ ಆ ಮೇಷ್ಟ್ರೇ. ಬೆರಿಲ್ ಒದ್ದೆ ಕೈ ಒರೆಸಿಕೊಂಡು, ದಾರ ಬಿಚ್ಚಿ, ಜನಗಣತಿಯ ಮರುದಿನದ, ಏಪ್ರಿಲ್ ನಾಲ್ಕರ ಪುಟ ತೆಗೆದು ನಿಂತಲ್ಲೇ ಓದಿದಳು. ಪುಟದ ಕೊನೆಗೆ ಬಂದಾಗ ಅವಳು ಮತ್ತೆ ಒಂದೆರಡು ಸಾಲು ಹಿಂದಕ್ಕೆ ಹೋದಳು. ಇನ್ನೊಮ್ಮೆ ಓದಿದಳು.

ಅಷ್ಟರಲ್ಲಿ ಸಭೆಯಿಂದ ಚಪ್ಪಾಳೆ ಕೇಳಿಸಿತು. ಬೆರಿಲ್ ಪುಸ್ತಕ ಹಿಡಿದೇ ಓಡಿದಳು.

ಡೆಸ್ಮಂಡ್ ವೇದಿಕೆಯ ಮೇಲಿದ್ದ. ಡ್ರೂರಿ ಟೋಪಿಯನ್ನು ಎದೆಗೆ ಒತ್ತಿಕೊಂಡು ಕೆಳಗೆ ನಿಂತಿದ್ದ.

"ಸಾರ್, ನಮ್ಮದು ಒಂದೇ ಕೋರಿಕೆ. ಇದನ್ನ ಮಾರಬೇಡಿ ಸಾರ್. ನಮ್ಮ ಮಕ್ಕಳ ಹುಟ್ಟುಹಬ್ಬ, ಹೆಂಗಸರ ಜಾಮ್ ಸ್ಪರ್ಧೆ, ಎಲ್ಲ ಇಲ್ಲೇ ನಡೆಯೋದು."

ಭವನ ತನ್ನದು ಎಂಬ ಸಂಗತಿ ಡೆಸ್ಮಂಡನಿಗೆ ಗೊತ್ತಾಗಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಆದರೂ ಅವನು ಆ ನಿಮಿಷದಲ್ಲೇ ಮಾಲೀಕತನದ ಎಲ್ಲ ಔದಾರ್ಯಗಳನ್ನೂ ಕಲಿತುಬಿಟ್ಟಿದ್ದ.

"ಮಾರೋದಿಲ್ಲ!" ಎಂದ, ಕೈ ಮೇಲೆತ್ತಿ. ಮತ್ತೆ ಚಪ್ಪಾಳೆ. "ನಮ್ಮ ಕುಟುಂಬ ಹಿಂದಿನ ಹಾಗೇ ಮುಂದೆಯೂ ನಿಮ್ಮನ್ನ ಇಲ್ಲಿ ಇರೋಕೆ ಬಿಡುತ್ತೆ. ಜಾಮ್ ಸ್ಪರ್ಧೆಗೆ ನನ್ನ ಅಭ್ಯಂತರ ಇಲ್ಲ. ಆದ್ರೆ ಮೈದಾನದ ವಿಷಯಕ್ಕೆ ಬಂದ್ರೆ..."

"ಡೆಸ್ಮಂಡ್," ಎಂದಳು ಬೆರಿಲ್.

"ಒಂದು ನಿಮಿಷ ಬೆರಿಲ್, ಮೈದಾನದ ವಿಷಯ..."

"ಡೆಸ್ಮಂಡ್, ಬಾಯಿ ಮುಚ್ಚಿಕೊಂಡು ಇದನ್ನ ಕೇಳು."

ಮೂವತ್ತೆಂಟು ವರ್ಷಗಳಲ್ಲಿ ಅವಳು ಆ ಸ್ವರದಲ್ಲಿ ಮಾತಾಡಿದ್ದು ಎರಡೇ ಸಲ. ಎರಡು ಸಲವೂ ಮನೆಯಲ್ಲಿ ನಿಜವಾಗಿ ಗ್ಯಾಸ್ ಸೋರುತ್ತಿತ್ತು. ಡೆಸ್ಮಂಡ್ ಬಾಯಿ ಮುಚ್ಚಿದ. ಬೆರಿಲ್ ಓದಿದಳು.

"'ಸೋಮವಾರ, ಏಪ್ರಿಲ್ ನಾಲ್ಕು. ಇಂದು ಶಾಲೆ ತೆರೆಯಲಾಗಲಿಲ್ಲ. ನಿನ್ನೆ ಸಂಜೆಯ ಮಂಜಿನಲ್ಲಿ ಒಂದು ಮದುವೆಯ ದಿಬ್ಬಣ ದಾರಿ ತಪ್ಪಿ, ಎರಡು ಗಾಡಿಗಳಲ್ಲಿ ನಮ್ಮೂರಿಗೆ ಬಂದಿದೆ. ಟ್ರಂಡಲ್‌ಬಿ ಎಂಬ ಹೆಸರಿನವರು. ಕರಾವಳಿಯ ಕಡೆಯವರು. ಇವರು ಹೋಗಬೇಕಾದ ಊರು ಇಲ್ಲಿಂದ ಹದಿನೆಂಟು ಮೈಲಿ, ಅದೂ ವಿರುದ್ಧ ದಿಕ್ಕಿನಲ್ಲಿ. ಮದುಮಗಳ ತಂದೆ ಜೋಸಾಯ ದಾರಿಯಲ್ಲಿ ಯಾರನ್ನೂ ಕೇಳಲು ಒಪ್ಪಲಿಲ್ಲವಂತೆ. ದಾರಿ ತನಗೆ ಗೊತ್ತು ಎಂದು ಈಗಲೂ ಹೇಳುತ್ತಿದ್ದಾನೆ.'"

ಯಾರೋ ಕಿಸಕ್ಕೆಂದರು. ರೋಸ್ಲಿನ್. ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"'ಒಂದು ಗಾಡಿಯ ಅಚ್ಚು ಮುರಿದಿದೆ. ಶಾಲೆಯ ಮನೆಯೂ ಸೇರಿ ಹನ್ನೊಂದು ಮನೆಯವರು ಇವರನ್ನು ಹಂಚಿಕೊಂಡು ಇರಿಸಿಕೊಂಡಿದ್ದಾರೆ. ನಿನ್ನೆಯೇ ಜನಗಣತಿಯ ರಾತ್ರಿಯಾದ್ದರಿಂದ, ಹತ್ತೊಂಬತ್ತು ಜನರನ್ನೂ ಆಯಾ ಮನೆಯ ಪಟ್ಟಿಯಲ್ಲಿ ಅತಿಥಿಗಳು ಎಂದು ಬರೆದುಕೊಂಡೆ.'"

ಇಲ್ಲಿ ಬೆರಿಲ್ ಓದುವುದನ್ನು ನಿಲ್ಲಿಸಿದಳು. ಪುಟದಲ್ಲಿ ಇನ್ನೂ ನಾಲ್ಕು ಸಾಲುಗಳಿದ್ದವು. ಅವಳು ಅವುಗಳ ಮೇಲೆ ಹೆಬ್ಬೆರಳಿಟ್ಟು ಹಾಳೆ ತಿರುವಿದಳು.

"'ಬುಧವಾರ, ಏಪ್ರಿಲ್ ಆರು. ನಮ್ಮೂರಿನ ಗಾಡಿಗಳಲ್ಲೇ ದಿಬ್ಬಣವನ್ನು ಕಳಿಸಿಕೊಟ್ಟೆವು. ದಾರಿ ತೋರಿಸಲು ಇಬ್ಬರು ಹೋದರು. ಮಕ್ಕಳ ಹಾಜರಾತಿ ಇಪ್ಪತ್ತೇಳು.'"

ಆಮೇಲೆ ಡ್ರೂರಿ ಟೋಪಿ ತಲೆಗೆ ಹಾಕಿಕೊಂಡ. ಅದೇ ಸೂಚನೆಯಾಯಿತೋ ಏನೋ, ನಲವತ್ತು ಜನರೂ ಒಟ್ಟಿಗೇ ನಕ್ಕರು. ಐದು ದಿನದ ಹೆದರಿಕೆಯೆಲ್ಲ ನಗುವಾಗಿ ಹೊರಬಿತ್ತು.

"ಅಂದ್ರೆ ಇವರು ನಮ್ಮ ಒಡೆಯರಲ್ಲ, ಉಂಡುಹೋದವರು!" ಎಂದು ಯಾರೋ ಕೂಗಿದರು.

"ನಮ್ಮ ಮುತ್ತಜ್ಜಿ ಮನೇಲಿ ಮೂರು ಜನ ಇದ್ರಂತೆ!" ಅಡಿಗೆಕೋಣೆಯ ಬಾಗಿಲಲ್ಲಿ ನಿಂತ ಐವಿಯ ಸ್ವರ ಎಲ್ಲಕ್ಕಿಂತ ಮೇಲಿತ್ತು. "ದಾರಿ ತಪ್ಪಿದ ದಿಬ್ಬಣ ಅಂತ ಕತೆ ಹೇಳೋಳು. ಈಸ್ಟರಿಗೆ ಅಂತ ಇಟ್ಟಿದ್ದ ಹಂದಿಯ ತೊಡೆ ಪೂರ್ತಿ ಖಾಲಿ ಮಾಡಿ ಹೋದ್ರಂತೆ!"

ವೇದಿಕೆಯ ಮೇಲೆ ಡೆಸ್ಮಂಡ್ ಒಬ್ಬನೇ ನಿಂತಿದ್ದ. ಎರಡಂಗುಲ ಬೆಳೆದಿದ್ದವನು ನಾಲ್ಕಂಗುಲ ಇಳಿದಿದ್ದ. ಬೆನ್ನ ಹಿಂದಿನ ಕೈಗಳು ಮುಂದೆ ಬಂದು ಎಲ್ಲಿರಬೇಕೆಂದು ತಿಳಿಯದೆ ಕೋಟಿನ ಗುಂಡಿ ಹುಡುಕುತ್ತಿದ್ದವು. ಈಗ ಇವನು ಕಾರಿಗೆ ಹೋಗಿ ಕೂರುತ್ತಾನೆ, ಮುಂದಿನ ಶನಿವಾರದವರೆಗೂ ಕೂತೇ ಇರುತ್ತಾನೆ, ಮದುವೆಯ ಕತೆ ಮುಗಿಯಿತು ಎಂದುಕೊಂಡಳು ಬೆರಿಲ್.

ಡೆಸ್ಮಂಡ್ ಜೇಬಿನಿಂದ ತನ್ನ ಪಟ್ಟಿ ತೆಗೆದ. ಹನ್ನೊಂದು ಮನೆಗಳ ಹೆಸರುಗಳು ಅದರಲ್ಲಿದ್ದವು. ಅವುಗಳನ್ನು ಅವನು ತನ್ನ ಗೇಣಿದಾರರು ಎಂದುಕೊಂಡಿದ್ದ.

"ಪ್ಲಾಸ್ಕಿಟ್ ಮನೇಲಿ ಮೂರು ಜನ," ಎಂದ, ಪಟ್ಟಿಯ ಮೇಲೆ ಬೆರಳೋಡಿಸಿ. "ಹೌದು. ಇಲ್ಲಿದೆ." ವೇದಿಕೆಯಿಂದ ಇಳಿದು ನೇರವಾಗಿ ಐವಿಯ ಹತ್ತಿರ ಹೋದ. "ಅಮ್ಮಾ, ಹಂದಿಯ ತೊಡೆಗೆ ಥ್ಯಾಂಕ್ಸ್. ನೂರಿಪ್ಪತ್ತು ವರ್ಷ ತಡವಾಯ್ತು. ನಮ್ಮೋರು ಯಾರಾದ್ರೂ ಆಗ ಹೇಳಿದ್ರೋ ಇಲ್ವೋ."

"ಹೇಳಲಿಲ್ಲ ಅಂತಲೇ ನಮ್ಮ ಮುತ್ತಜ್ಜಿ ಸಾಯೋವರೆಗೂ ಗೊಣಗಿದ್ದು," ಎಂದಳು ಐವಿ.

"ಡ್ರೂರಿ ಅನ್ನೋರ ಮನೇಲಿ ಎರಡು ಜನ."

"ನಮ್ಮ ತಾತನ ತಂದೆ," ಎಂದ ಡ್ರೂರಿ. ಈಗ "ಸಾರ್" ಇರಲಿಲ್ಲ. ಆದರೆ ಕೈಯನ್ನು ಅವನೇ ಮೊದಲು ಚಾಚಿದ.

ಹೀಗೆ ಡೆಸ್ಮಂಡ್ ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋದ. ಮೀಟರು ಓದುವಾಗ ಮನೆಯಿಂದ ಮನೆಗೆ ಹೋಗುತ್ತಿದ್ದ ಅದೇ ನಡಿಗೆ. ಹನ್ನೊಂದು ಹೆಸರುಗಳಲ್ಲಿ ಐದು ಮನೆತನ ಇನ್ನೂ ಊರಿನಲ್ಲಿದ್ದವು. ಉಳಿದ ಆರಕ್ಕೆ ಅವನು ಅಂಗಳದ ಸಮಾಧಿಗಳ ಬಳಿ ಹೋಗಿ ಬರುತ್ತೇನೆ ಎಂದಾಗ ಯಾರೂ ನಗಲಿಲ್ಲ. ಒಬ್ಬರು ಅವನ ತಟ್ಟೆಗೆ ಕಡುಬು ಹಾಕಿದರು, ಇನ್ನೊಬ್ಬರು ಕೇಕು. "ತಿನ್ನಪ್ಪ, ಟ್ರಂಡಲ್‌ಬಿಗಳಿಗೆ ಹಸಿವು ಜಾಸ್ತಿ ಅಂತ ನಮಗೆ ಗೊತ್ತು."

ರೋಸ್ಲಿನ್ ಅವನ ಹಿಂದೆ ಬಂದು ನಿಂತಳು. "ಅಮ್ಮಾ," ಎಂದು ಅಲ್ಲಿಂದಲೇ ಕೇಳಿದಳು, ಅಪ್ಪನನ್ನು ನೋಡದೆ. "ಆ ಹುಡುಗಿಯ ಮದುವೆ ಆಯ್ತಾ? ಅವಳಪ್ಪ ಅವಳ ಕೈ ಹಿಡ್ಕೊಂಡು ಚರ್ಚಿನೊಳಗೆ ನಡೆದನಾ?"

ಎಲ್ಲರೂ ಬೆರಿಲ್ ಕಡೆ ತಿರುಗಿದರು. ಬೆರಿಲ್ ಪುಸ್ತಕದ ಕಡೆ ನೋಡಿದಳು. ಅದರಲ್ಲಿ ಮಕ್ಕಳ ಹಾಜರಾತಿ ಇಪ್ಪತ್ತೇಳು ಎಂದಿತ್ತು, ಮರುದಿನ ಸೀಮೆಸುಣ್ಣ ಮುಗಿದಿದೆ ಎಂದಿತ್ತು.

"'ಮದುವೆ ಸುಸೂತ್ರವಾಗಿ ನಡೆಯಿತೆಂದು ಗಾಡಿಯವರು ಬಂದು ತಿಳಿಸಿದರು,'" ಎಂದು ಅವಳು ಓದಿದಳು. "'ತಂದೆ ಮಗಳ ಕೈ ಹಿಡಿದು ನಡೆದನು. ಬಹಳ ಅತ್ತನಂತೆ.'"

ನಾಲ್ಕು ಸಾಲು ಬಿಟ್ಟಿದ್ದಕ್ಕೆ ಎರಡು ಸಾಲು ಸೇರಿಸಿದ್ದಾಯಿತು. ಬೆರಿಲ್ ಟ್ರಂಡಲ್‌ಬಿ ತನ್ನ ಜೀವಮಾನದಲ್ಲಿ ಯಾರ ಇತಿಹಾಸವನ್ನೂ ತಿದ್ದಿದವಳಲ್ಲ. ಕೆಲಸ ಬಾದಾಮಿ ಕಣಕ ಹಾಸುವುದಕ್ಕಿಂತ ಸುಲಭವಾಗಿತ್ತು.

ಡೆಸ್ಮಂಡ್ ಬಾಯಲ್ಲಿದ್ದ ಕೇಕನ್ನು ನುಂಗಿದ. "ಅಷ್ಟೆಲ್ಲ ದಾರಿ ತಪ್ಪಿದ ಮೇಲೂ ನಡೆದನಾ?" ಎಂದ. ಮಗಳ ಕಡೆ ತಿರುಗಿದ. "ರೋಸ್, ಶನಿವಾರ ನಾನೂ ನಡೀತೀನಮ್ಮ. ಜೋನ್ಸ್ ಆಗು, ಏನಾದ್ರೂ ಆಗು. ಆದ್ರೆ ನಡುದಾರೀಲಿ ದಾರಿ ನೀನೇ ತೋರಿಸು."

"ನೇರ ಹೋಗೋದು ಅಪ್ಪಾ. ತಿರುವೇ ಇಲ್ಲ."

"ನಮ್ಮೋರನ್ನ ನಂಬೋಕಾಗಲ್ಲ," ಎಂದ ಡೆಸ್ಮಂಡ್. ರೋಸ್ಲಿನ್ ಅವನ ಹೆಗಲಿಗೆ ಮುಖವಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳ ಬೆನ್ನಿನಿಂದ ಹೇಳಲಾಗುತ್ತಿರಲಿಲ್ಲ.

ಬೆರಿಲ್ ಅಡಿಗೆಕೋಣೆಗೆ ಮರಳಿ ಬಂದಳು. ಕಪ್ಪುಗಳು ಇನ್ನೂ ನೀರಿನಲ್ಲಿದ್ದವು. ಹೊರಗೆ ಯಾರೋ ಪಿಯಾನೋ ಮುಚ್ಚಳ ತೆಗೆಯುತ್ತಿದ್ದರು. ಐವಿಯೂ ಅಲ್ಲೇ ಉಳಿದಿದ್ದಳು. ಬೆರಿಲ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಿಟ್ಟಿದ್ದ ಆ ನಾಲ್ಕು ಸಾಲುಗಳನ್ನು ಮೂರನೆಯ ಸಲ ಓದಿದಳು.

"ಹತ್ತೊಂಬತ್ತರಲ್ಲಿ ಒಂದು ಇವರದಲ್ಲ. ಎರಡು ವರ್ಷದ ಗಂಡುಮಗು, ಮಂಜಿನಲ್ಲಿ ರಸ್ತೆಯ ಬದಿ ಒಂಟಿಯಾಗಿ ಕುಳಿತಿತ್ತಂತೆ. ಏಮಸ್ ಎಂದು ಇವರೇ ಕರೆಯುತ್ತಿದ್ದಾರೆ. ಯಾವ ಮನೆತನದ ಹೆಸರು ಬರೆಯಲಿ ಎಂದು ಕೇಳಿದೆ, ಯಾರೂ ಮಾತಾಡಲಿಲ್ಲ. ಮದುಮಗಳು ಹೇಳಿದಳು: ನನ್ನದನ್ನು ಅವನಿಗೆ ಬರೆಯಿರಿ, ಈ ವಾರ ಕಳೆದರೆ ನನಗದು ಬೇಕಾಗುವುದಿಲ್ಲ."

ತಮಗೇ ಮಲಗಲು ಜಾಗವಿಲ್ಲದ, ಯಾವ ಊರಿನಲ್ಲಿದ್ದೇವೆಂದು ಗೊತ್ತಿಲ್ಲದ ಹದಿನೆಂಟು ಜನ, ದಾರಿಯಲ್ಲಿ ಇನ್ನೊಂದನ್ನು ಎತ್ತಿಕೊಂಡು ಬಂದಿದ್ದರು. ಆ ಒಂದೇ ಡೆಸ್ಮಂಡನ ತಾತ; ಅವನಿಂದ ಡೆಸ್ಮಂಡ್, ಡೆಸ್ಮಂಡನಿಂದ ರೋಸ್ಲಿನ್. ಬೆರಿಲ್ ಆ ಹುಡುಗಿಯ ಹೆಸರು ಹುಡುಕಿದಳು. ಮೇಷ್ಟ್ರು ಬರೆದಿರಲಿಲ್ಲ. ಮದುಮಗಳು ಎಂದಷ್ಟೇ ಇತ್ತು. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಸಲ ಬೆರಿಲ್‌ಗೆ ಈ ವಂಶದಲ್ಲಿ ತನಗೊಬ್ಬ ಸಂಬಂಧಿ ಸಿಕ್ಕಂತಾಯಿತು. ಏಮಸ್ ಎಂಬ ಎರಡು ವರ್ಷದವನು, ಅವಳ ಹಾಗೇ ಹೊರಗಿನಿಂದ ಬಂದವನು, ಕೊಟ್ಟದ್ದನ್ನು ಇಟ್ಟುಕೊಂಡವನು.

ಹೊರಗೆ ಡೆಸ್ಮಂಡನ ದನಿ ಏರಿತ್ತು. ಅದು ಮತ್ತೆ ತನ್ನ ಎತ್ತರಕ್ಕೆ ಬಂದಿತ್ತು. "ದಾರಿ ತಪ್ಪೋದು ನಮ್ಮ ರಕ್ತದಲ್ಲೇ ಇದೆ ಡ್ರೂರಿ! ಜೋಸಾಯನಿಂದ ನೇರ ನನಗೆ ಇಳಿದು ಬಂದಿದೆ! ನನ್ನ ಹೆಂಡತೀನ ಕೇಳಿ ಬೇಕಾದ್ರೆ!"

"ಬೇರೆ ಏನಾದ್ರೂ ಇತ್ತಾ ಚಿನ್ನಾ ಅದರಲ್ಲಿ?" ಎಂದಳು ಐವಿ, ಹಂಡೆಯ ಆವಿಯ ಆಚೆಯಿಂದ.

"ಸೀಮೆಸುಣ್ಣ ಮುಗಿದಿತ್ತಂತೆ," ಎಂದಳು ಬೆರಿಲ್.

ಪುಸ್ತಕವನ್ನು ಮುಚ್ಚಿದಳು. ಅದು ಊರಿನದು, ಊರಿನಲ್ಲೇ ಇರಬೇಕು. ಡೆಸ್ಮಂಡ್ ಮುಂದೊಂದು ದಿನ ಬಂದು ತೆರೆದರೂ ಹೆದರಿಕೆಯಿಲ್ಲ. ಪುಟದ ಕೊನೆಯವರೆಗೆ ಓದುವ ಅಭ್ಯಾಸ ಅವನಿಗಿಲ್ಲ. ಅವಳು ಹಳೆಯ ದಾರವನ್ನು ಪುಸ್ತಕದ ಸುತ್ತ ಎಳೆದು ಗಂಟು ಹಾಕಿದಳು. ಒಂದು ಕ್ಷಣ ನೋಡಿದಳು. ಅದರ ಮೇಲೆ ಇನ್ನೊಂದು ಗಂಟು ಹಾಕಿ, ಮೇಜುಬಟ್ಟೆಗಳ ಹಿಂದೆ ಇಟ್ಟು, "ನನ್ನನ್ನ ಏನು ಕೇಳ್ತಾರಂತೆ?" ಎನ್ನುತ್ತ ಹೊರಗೆ ಹೋದಳು.